ನಿವೃತ್ತಿಯಿಲ್ಲದ ಬಾಣಲೆಗಳು

ಸಂಜೆ ಆರರ ಹೊತ್ತಿಗೆ ಜಾರ್ಜ್‌ಟೌನಿನ ಕಿಂಬರ್ಲಿ ಬೀದಿಗೆ ತಳ್ಳುಗಾಡಿಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಹಗಲು ಕಾರುಗಳಿದ್ದ ಜಾಗದಲ್ಲಿ ಈಗ ಮಡಚುವ ಮೇಜು, ಪ್ಲಾಸ್ಟಿಕ್ ಸ್ಟೂಲು, ತೊಳೆಯಬೇಕಾದ ತಟ್ಟೆಗಳ ಬಕೆಟ್ಟು, ತಂತಿಗೆ ನೇತುಬಿದ್ದ ಒಂದು ಬಲ್ಬು. ಮಳೆ ಬಂದರೆ ಬಿಚ್ಚಲು ದೊಡ್ಡ ಕೊಡೆ. ಒಂದು ಗಾಡಿಯಲ್ಲಿ ಬಾತುಕೋಳಿಯ ಸಾರು ಕುದಿಯುತ್ತದೆ, ಪಕ್ಕದ್ದರಲ್ಲಿ ಬಾದಾಮಿಯ ಬಿಸಿ ಪಾಯಸ. ಯಾರೂ ಗಿರಾಕಿಗಳನ್ನು ಕೂಗಿ ಕರೆಯುವುದಿಲ್ಲ. ಕರೆಯುವ ಕೆಲಸವನ್ನೆಲ್ಲ ಹೊಗೆ ವಹಿಸಿಕೊಂಡಿರುತ್ತದೆ.

ಇದು ಮಲೇಷ್ಯಾದ ಪೆನಾಂಗ್ ದ್ವೀಪ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಇಲ್ಲಿ ಬಾವುಟ ಊರಿದ. ಬಂದರು ಬೆಳೆದಂತೆ ಚೀನಾದ ಫುಜಿಯನ್‌ನಿಂದ, ತಮಿಳುನಾಡಿನಿಂದ, ಸುಮಾತ್ರಾದಿಂದ ಜನ ಬಂದರು. ಬಂದವರು ತಂತಮ್ಮ ದೇವರನ್ನೂ ಒಗ್ಗರಣೆಯನ್ನೂ ಜೊತೆಗೆ ತಂದರು. 2008ರಲ್ಲಿ ಯುನೆಸ್ಕೋ ಜಾರ್ಜ್‌ಟೌನನ್ನು ಮಲಾಕ್ಕಾದ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗಳು ಹಳೆಯ ಕಟ್ಟಡಗಳ ಬಾಗಿಲ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಮನೆಯವರದು ಬೇರೆ ದಾರಿ. ಮಗಳು, ಅಳಿಯ ಕೌಲಾಲಂಪುರದಲ್ಲಿರುವುದರಿಂದ ನಾನೂ ನನ್ನ ಹೆಂಡತಿಯೂ ಆಗಾಗ ಹೋಗುತ್ತೇವೆ. ಹೋದಾಗೆಲ್ಲ ಎಂಟು ವರ್ಷದ ಮೊಮ್ಮಗನನ್ನೂ ಕಟ್ಟಿಕೊಂಡು ಎಲ್ಲರೂ ರೈಲು ಹತ್ತಿ ಬಟರ್‌ವರ್ತ್‌ನಲ್ಲಿ ಇಳಿಯುತ್ತೇವೆ. ದ್ವೀಪಕ್ಕೆ ಹದಿಮೂರೂವರೆ ಕಿಲೋಮೀಟರ್ ಉದ್ದದ ಸೇತುವೆಯಿದೆ, ಅದಕ್ಕಿಂತ ಉದ್ದದ ಇನ್ನೊಂದೂ ಇದೆ. ನನ್ನ ಹೆಂಡತಿ ಗಂಗೊಳ್ಳಿಯವಳು. ನೀರಿದ್ದಲ್ಲಿ ದೋಣಿ ಬಿಟ್ಟು ಬೇರೆಯದರಲ್ಲಿ ದಾಟುವುದು ಅವಳಿಗೆ ಸೇರುವುದಿಲ್ಲ. ಹಾಗಾಗಿ ಫೆರಿ.

ಕಿಂಬರ್ಲಿ ಬೀದಿಯ ಗಾಡಿಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಚಾರ್ ಕೊಯ್ ತಿಯಾವ್ ಹುರಿಯುವ ಮುದುಕನ ಮುಂದೆ. ಅಕ್ಕಿಯ ಅಗಲ ಶ್ಯಾವಿಗೆಯನ್ನು ಜೋರು ಉರಿಯಲ್ಲಿ ಹುರಿದು ಕೊಡುವ ತಿಂಡಿ ಅದು. ಎಪ್ಪತ್ತು ದಾಟಿದ ಹಾಗೆ ಕಾಣುವ ಆಳು. ತೋಳಿಲ್ಲದ ಬಿಳಿ ಬನಿಯನ್ನು, ಕುತ್ತಿಗೆಗೊಂದು ಟವೆಲ್ಲು. ಅಕ್ಕಪಕ್ಕದವರೆಲ್ಲ ಗ್ಯಾಸಿಗೆ ಬಂದರೂ ಇವನದು ಇನ್ನೂ ಇದ್ದಿಲ ಒಲೆ. ಬಾಣಲೆ ಕಾದು ಹೊಗೆಯಾಡುವಾಗ ಬೆಳ್ಳುಳ್ಳಿ ಬೀಳುತ್ತದೆ, ಅದರ ಹಿಂದೆಯೇ ಸಿಗಡಿ, ಒಂದು ಹಿಡಿ ಶ್ಯಾವಿಗೆ, ಸೋಯಾ ನೀರು, ಅರೆದ ಕೆಂಪು ಮೆಣಸು. ಸಟ್ಟುಗ ನಾಲ್ಕು ಸಲ ಬಡಿದುಕೊಳ್ಳುತ್ತದೆ. ಎಲ್ಲವನ್ನೂ ಒಂದು ಬದಿಗೆ ದೂಡಿ, ಖಾಲಿಯಾದ ಕಡೆ ಮೊಟ್ಟೆ ಒಡೆಯುತ್ತಾನೆ. ಮೊಟ್ಟೆ ಅರ್ಧ ಗಟ್ಟಿಯಾಗುವುದರೊಳಗೆ ಶ್ಯಾವಿಗೆ ಅದರ ಮೇಲೆ ಮಗುಚಿರುತ್ತದೆ. ಮೊಳಕೆಕಾಳು, ಒಂದಿಷ್ಟು ಹಸಿರು ಸೊಪ್ಪು. ಮರುವಾಯಿಯಂಥ ಚಿಪ್ಪಿನ ಮಾಂಸವನ್ನು ಮಾತ್ರ ತೀರಾ ಕೊನೆಗೆ, ಕಣ್ಣು ಮಿಟುಕಿಸುವಷ್ಟು ಹೊತ್ತು. ಬೆಂದರೆ ಅದು ರಬ್ಬರ್ ಆಗುತ್ತದೆ. ಅಷ್ಟರಲ್ಲಿ ಬಾಳೆಲೆ ಹಾಸಿದ ತಟ್ಟೆ ಬಂದಿರುತ್ತದೆ.

ಒಂದು ಸಲಕ್ಕೆ ಒಂದೇ ತಟ್ಟೆ. ಮೂವತ್ತು ಜನ ಕಾಯುತ್ತಿದ್ದರೂ ಎರಡು ತಟ್ಟೆಯದನ್ನು ಒಟ್ಟಿಗೆ ಹಾಕುವುದಿಲ್ಲ. ಹಾಕಿದರೆ ಬಾಣಲೆಯ ಕಾವು ಇಳಿದು, ಶ್ಯಾವಿಗೆ ಹುರಿಯುವ ಬದಲು ಬೇಯತೊಡಗುತ್ತದೆ. ಆ ಸುಟ್ಟ ಪರಿಮಳ ಹೋಯಿತೆಂದರೆ ಉಳಿಯುವುದು ಸೋಯಾ ಸವರಿದ ಒದ್ದೆ ಶ್ಯಾವಿಗೆ ಮಾತ್ರ. ಮೂಲದಲ್ಲಿ ಇದನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಾರೆ. ನಮಗೆ ಅದು ಬೇಡ, ಎಣ್ಣೆ ಹಾಕಿ ಎಂದು ಮಗಳು ಮಲಯ್ ಭಾಷೆಯಲ್ಲಿ ಹೇಳಿದಾಗ ಮುದುಕ ತಲೆಯೆತ್ತಿ ನನ್ನನ್ನೇ ನೋಡಿದ. ಸಾಂಬಾರಿಗೆ ಬೇಳೆ ಬೇಡ ಎಂದವನನ್ನು ನಮ್ಮ ಅಡುಗೆ ಭಟ್ಟರು ನೋಡುವ ನೋಟ. ಆದರೂ ಮಾಡಿಕೊಟ್ಟ.

ನನಗೆ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಬ್ಯಾಂಕಿನಲ್ಲಿ ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಾರಿನಲ್ಲಿ ಮನೆವರೆಗೆ ಬಿಟ್ಟು ಬಂದರು. ಮಾರನೇ ದಿನದಿಂದ ಪೇಪರು, ವಾಕಿಂಗು, ಮಾತ್ರೆ. ಪೆನಾಂಗಿನಲ್ಲಿ ನನಗಿಂತ ಹಿರಿಯರು ಸಂಜೆ ಆರಕ್ಕೆ ಒಲೆ ಹೊತ್ತಿಸಿ ರಾತ್ರಿ ಹತ್ತರವರೆಗೆ ನಿಂತೇ ಇರುತ್ತಾರೆ. ಅವರನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕೋ ಅಯ್ಯೋ ಪಾಪ ಎನ್ನಬೇಕೋ ನನಗಂತೂ ತೀರ್ಮಾನವಾಗಿಲ್ಲ. ಕೆಲವರಿಗೆ ಅದು ಹಟ, ಕೆಲವರಿಗೆ ಬೇರೆ ದಾರಿಯೇ ಇಲ್ಲ. ಗಾಡಿಯ ಹಿಂದೆ ತಟ್ಟೆ ತೊಳೆಯುತ್ತಿರುವವಳು ಸಾಮಾನ್ಯವಾಗಿ ಹೆಂಡತಿ. ಮಕ್ಕಳು ಸಿಂಗಪುರದಲ್ಲೋ ಕೌಲಾಲಂಪುರದಲ್ಲೋ ಎ.ಸಿ. ಕೋಣೆಯಲ್ಲಿರುತ್ತಾರೆ, ನಮ್ಮ ಮಕ್ಕಳ ಹಾಗೆಯೇ.

ಪೆನಾಂಗ್ ಸರಕಾರ 2016ರಿಂದ ಒಂದು ಕಟ್ಟಳೆ ತಂದಿದೆ: ಊರಿನ ಹೆಸರುವಾಸಿ ತಿಂಡಿಗಳನ್ನು ಬೀದಿಬದಿಯಲ್ಲಿ ಬೇಯಿಸುವ ಮುಖ್ಯ ಅಡುಗೆಯವರು ವಿದೇಶಿ ಕೆಲಸಗಾರರಾಗಿರಬಾರದು. ರುಚಿ ಕೆಡುತ್ತದೆಂಬ ಭಯ. ಭಯ ಸುಳ್ಳಲ್ಲದಿರಬಹುದು, ಆದರೆ ಮದ್ದು ನನಗೆ ಒಪ್ಪಿಗೆಯಾಗುವುದಿಲ್ಲ. ಮಗ ಸಟ್ಟುಗ ಹಿಡಿಯುವುದಿಲ್ಲ, ಹೊರಗಿನವನು ಹಿಡಿಯಕೂಡದು, ಹಾಗಾದರೆ ಹಿಡಿಯುವವರು ಯಾರು? ಬೆಂಗಳೂರಿನ ಎಷ್ಟೋ ಉಡುಪಿ ಹೋಟೆಲುಗಳಲ್ಲಿ ಈಗ ದೋಸೆ ಹುಯ್ಯುವವರು ಒಡಿಶಾದವರು, ಅಸ್ಸಾಮಿನವರು, ನೇಪಾಳದವರು. ದೋಸೆ ಕೆಟ್ಟಿದ್ದರೆ ಅದಕ್ಕೆ ಕಾರಣ ಅವರ ಊರಲ್ಲ, ಹಿಟ್ಟಿನಲ್ಲಿ ಉದ್ದು ಉಳಿಸಿದ ಮಾಲೀಕ.

ಅಸಮ್ ಲಕ್ಸಾ ತಿನ್ನಲು ಆಯೆರ್ ಇತಾಮ್ ಎಂಬಲ್ಲಿಗೆ ಹೋಗಬೇಕು. ಅಲ್ಲಿನ ಗುಡ್ಡದ ಮೇಲೆ ಕೆಕ್ ಲೋಕ್ ಸಿ ಬೌದ್ಧ ದೇವಾಲಯ, ಮೂವತ್ತು ಮೀಟರಿಗೂ ಎತ್ತರದ ಕಂಚಿನ ಕ್ವಾನ್ ಯಿನ್ ದೇವಿ. ಕೆಳಗೆ ಮಾರುಕಟ್ಟೆ. ಮೆಟ್ಟಿಲು ಹತ್ತಿ ಇಳಿದು ಮಂಡಿ ಹಿಡಿದುಕೊಂಡು ಬಂದವರು ಮಾರುಕಟ್ಟೆಯ ಬೆಂಚಿನ ಮೇಲೆ ಕುಸಿದು ಕೂರುತ್ತಾರೆ. ಬಟ್ಟಲು ಬರುತ್ತದೆ. ದಪ್ಪ ಅಕ್ಕಿ ಶ್ಯಾವಿಗೆಯ ಮೇಲೆ ಮಂದವಾದ ಕೆಂಗಂದು ಸಾರು, ಸಣ್ಣಗೆ ಹೆಚ್ಚಿದ ಸೌತೆ, ಅನಾನಸು, ಈರುಳ್ಳಿ, ಪುದೀನ, ಗುಲಾಬಿ ಬಣ್ಣದ ಯಾವುದೋ ಹೂವಿನ ಎಸಳು. ಪಕ್ಕದಲ್ಲಿ ಒಂದು ಚಮಚ ಕಪ್ಪು ಸಿಗಡಿ ಪಾಕ.

ನನ್ನ ಹೆಂಡತಿ ಮೊದಲು ಮೂಸಿದಳು. ಆಮೇಲೆ ಚಮಚದಿಂದ ಸಾರು ಕಲಕಿ, ತಳದಿಂದ ಒಂದು ಎಸಳು ಮೀನು ಎತ್ತಿ ಬೆಳಕಿಗೆ ಹಿಡಿದಳು.

“ಹ್ವಾಯ್, ಇದ್ ಬಂಗ್ಡೆ ಕಾಣಿ!”

ಬಂಗಡೆಯೇ. ಇಲ್ಲಿ ಕೆಂಬುಂಗ್ ಎನ್ನುತ್ತಾರೆ. ಅರಬ್ಬಿ ಸಮುದ್ರದಲ್ಲಿ ಮಲ್ಪೆ, ಗಂಗೊಳ್ಳಿಯ ಬಲೆಗೆ ಬೀಳುವ ಮೀನಿನದೇ ಜಾತಿ ಮಲಾಕ್ಕಾ ಜಲಸಂಧಿಯಲ್ಲೂ ಇದೆ. ಅದನ್ನು ಬೇಯಿಸಿ, ಮುಳ್ಳು ಬಿಡಿಸಿ, ಎಸಳು ಎಸಳಾಗಿ ಸಾರಿಗೆ ಸೇರಿಸುತ್ತಾರೆ. ಹುಣಸೆಯ ಜೊತೆಗೆ ಇನ್ನೊಂದು ಹುಳಿಯೂ ಇದೆ ಎಂದು ಅವಳ ನಾಲಿಗೆ ಹೇಳಿತು. ಯಾವುದೆಂದು ಗೊತ್ತಾಗುವವರೆಗೆ ಅವಳು ಎರಡನೇ ಚಮಚ ಬಾಯಿಗಿಡಲಿಲ್ಲ. ಮಗಳು ಕೇಳಿದಾಗ ಅಂಗಡಿಯ ಹೆಂಗಸು ಡಬ್ಬಿಯಿಂದ ಒಣಗಿದ ಕಂದು ಬಿಲ್ಲೆಗಳನ್ನು ತೆಗೆದು ತೋರಿಸಿದಳು. ನೋಡಲಿಕ್ಕೆ ನಮ್ಮ ಒಣ ವಾಟೆಹುಳಿ. ಆದರೆ ಮರದ ಕುಲ ಬೇರೆ: ಅಸಮ್ ಗೆಲುಗೋರ್, ನಮ್ಮ ಮುರುಗಲು ಮತ್ತು ಉಪ್ಪಾಗೆಯ ಹತ್ತಿರದ ನೆಂಟ. ಹೆಂಡತಿ ಒಂದು ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚಿ ತಲೆಯಾಡಿಸಿದಳು. ಆಮೇಲೆ ಬಟ್ಟಲು ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಪ್ಪು ಸಿಗಡಿ ಪಾಕವನ್ನು ಮಾತ್ರ ಮುಟ್ಟಲಿಲ್ಲ. “ಸೆಟ್ಲಿ ಸುಟ್ಟು ಚಟ್ನಿ ಮಾಡೂದ್ ಬಿಟ್ಟು ಇದೆಂತ ಮಾರಾಯ್ರೆ?” ನಾನು ಅವಳ ಪಾಲನ್ನೂ ಹಾಕಿಕೊಂಡೆ. ಸಿಹಿ, ಉಪ್ಪು, ಸಮುದ್ರದ ನಾತ, ಎಲ್ಲವೂ ಒಟ್ಟಿಗೆ. ಲಕ್ಸಾದ ಹುಳಿಗೆ ಅದಿಲ್ಲದೆ ಕಾಲೂರಲು ನೆಲವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಇದಕ್ಕೆ ಬೆಂಬಲ ಸಿಕ್ಕಿಲ್ಲ.

ಸೋಮವಾರ ಅವಳದು ಮೀನು, ಮಾಂಸ ಇಲ್ಲದ ದಿನ. ಸಮುದ್ರ ದಾಟಿದರೂ ಸೋಮವಾರ ಸೋಮವಾರವೇ. ಮೊದಮೊದಲು ಅಂಥ ದಿನ ಅವಳನ್ನು ಲಿಟಲ್ ಇಂಡಿಯಾದ ಇಡ್ಲಿಗೇ ಕಟ್ಟಿಹಾಕುತ್ತಿದ್ದೆವು. 1833ರ ಮಹಾಮಾರಿಯಮ್ಮನ್ ಗುಡಿಯ ಸುತ್ತಮುತ್ತಲ ಬೀದಿಗಳಲ್ಲಿ ಮಲ್ಲಿಗೆ, ಹಳೆಯ ತಮಿಳು ಹಾಡು, ಸ್ಟೀಲು ಲೋಟ ಎಲ್ಲವೂ ಉಂಟು. ಒತ್ತು ಶ್ಯಾವಿಗೆಯೂ ಸಿಗುತ್ತದೆ, ಪುಟ್ಟು ಮಾಯಂ ಎಂಬ ಹೆಸರಿನಲ್ಲಿ. ಕಾಯಿತುರಿ, ಕಂದು ಸಕ್ಕರೆ ಉದುರಿಸಿ ಕೊಡುತ್ತಾರೆ, ಕಾಯಿಹಾಲಿನ ರಸಾಯನ ಇಲ್ಲ. ಚೀನೀ ಬೌದ್ಧರಲ್ಲೂ ಇಂಥ ವ್ರತವಿದೆಯೆಂದು ಹೇಳಿದವನು ಅಳಿಯ. ಅವರ ಪಂಚಾಂಗದ ಒಂದನೇ ಮತ್ತು ಹದಿನೈದನೇ ದಿನ, ಎಂದರೆ ಅಮಾವಾಸ್ಯೆ ಹುಣ್ಣಿಮೆಗಳ ಲೆಕ್ಕದಲ್ಲಿ, ಹಲವರು ಮಾಂಸ ಬಿಡುತ್ತಾರೆ. ಕಟ್ಟುನಿಟ್ಟಿನವರ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಆ ಬಗೆಯ ಒಂದು ಸಣ್ಣ ಹೋಟೆಲಿನಲ್ಲಿ ಅಣಬೆ, ಸೋಯಾ ಗಿಣ್ಣು, ತಾವರೆ ದಂಟು ಹಾಕಿದ ಅನ್ನ ಉಂಡು ಬಂದ ಮೇಲೆ ಹೆಂಡತಿಗೆ ಚೀನೀಯರ ಬಗ್ಗೆ ಇದ್ದ ಗುಮಾನಿ ಮುಕ್ಕಾಲು ಪಾಲು ಕಳೆಯಿತು. ಅವರಲ್ಲೂ ಮಡಿಯಿದೆ ಎಂದು ಊರಿಗೆ ಫೋನು ಮಾಡಿ ತಂಗಿಗೆ ಹೇಳಿದಳು.

ನಾಸಿ ಕಂದಾರ್ ಅಂಗಡಿಯಲ್ಲಿ ಮಡಿಯ ಮಾತೇ ಇಲ್ಲ. ಅದು ತಮಿಳು ಮುಸ್ಲಿಮರ ಕೈಯಡುಗೆ. ಕಡಯನಲ್ಲೂರು, ರಾಮನಾಥಪುರದ ಕಡೆಯಿಂದ ಬಂದ ಇವರ ಅಜ್ಜಂದಿರು ಹೆಗಲ ಮೇಲಿನ ಅಡ್ಡೆಯ ಒಂದು ತುದಿಗೆ ಅನ್ನದ ಪಾತ್ರೆ, ಇನ್ನೊಂದಕ್ಕೆ ಸಾರಿನದು ತೂಗುಹಾಕಿಕೊಂಡು ಬಂದರಿನ ಕೂಲಿಗಳಿಗೆ ಮಾರುತ್ತಿದ್ದರು. ಈಗ ಅಡ್ಡೆ ಇಲ್ಲ. ಎದೆಯೆತ್ತರದ ಕಟ್ಟೆಯ ಮೇಲೆ ಕೋಳಿ, ಮೀನಿನ ತಲೆ, ಬೊಂಡಾಸು, ಮೀನಿನ ಮೊಟ್ಟೆ, ಬೆಂಡೆಕಾಯಿ. ಒಂದೊಂದು ಸಾರಿಗೂ ಒಂದೊಂದು ಬಣ್ಣ. ಬಡಿಸುವವನು ಕೇಳುವುದೇ ಇಲ್ಲ. ನಾಲ್ಕಾರು ಪಾತ್ರೆಗಳಿಂದ ಒಂದೊಂದು ಸೌಟು ತೆಗೆದು ಅನ್ನ ಮುಳುಗುವಂತೆ ಹುಯ್ಯುತ್ತಾನೆ. ಬೇರೆ ಬೇರೆ ಸಾರು ಬೆರೆತಾಗಲೇ ರುಚಿ ಎಂಬುದು ಇಲ್ಲಿನ ಸಿದ್ಧಾಂತ. ಗುಮಾಸ್ತ, ಪೊಲೀಸು, ಚೀನೀ ಕಾಲೇಜು ಹುಡುಗಿ, ಮಲಯ್ ಸಂಸಾರ, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಗಾಡಿಯ ಕೊಯ್ ತಿಯಾವ್ ಮುಂದೆ ಮಲಯ್ ಮುಸ್ಲಿಮರು ಕಾಣಸಿಗುವುದಿಲ್ಲ, ಹಂದಿ ಕೊಬ್ಬಿನ ಕಾರಣಕ್ಕೆ. ಪೆನಾಂಗಿನ ಸೌಹಾರ್ದವನ್ನು ಹೊಗಳುವವರು ಈ ಎರಡೂ ಸಾಲುಗಳನ್ನು ನೋಡಬೇಕು.

ಕಾಫಿಯ ವಿಚಾರಕ್ಕೆ ಬಂದರೆ ನನ್ನ ತಕರಾರು ದೊಡ್ಡದು. ಇಲ್ಲಿನ ಕೊಪಿತಿಯಾಮ್ ಎಂಬ ಕಾಫಿ ಅಂಗಡಿಗಳಲ್ಲಿ ಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕಪ್ಪಗೆ ಹುರಿಯುತ್ತಾರೆ. ಬಟ್ಟೆಯ ಉದ್ದ ಚೀಲದಲ್ಲಿ ಸೋಸಿ, ಡಬ್ಬಿಯ ಗಟ್ಟಿ ಹಾಲು ಸುರಿಯುತ್ತಾರೆ. ಚಿಕ್ಕಮಗಳೂರಿನ ಪುಡಿಗೆ ಒಗ್ಗಿದ ಬಾಯಿಗೆ ಅದು ಕಾಫಿಯೆನಿಸಲು ಕಾಲ ಬೇಕು. ಆದರೆ ಆ ಅಂಗಡಿಗಳ ವ್ಯವಸ್ಥೆ ನನ್ನಂಥ ಲೆಕ್ಕದವನಿಗೆ ಬಲು ಇಷ್ಟ. ಮಾಲೀಕ ಮಾರುವುದು ಬರೀ ಪಾನೀಯ. ಜಾಗದ ಮೂಲೆ ಮೂಲೆಗಳನ್ನು ಬೇರೆ ಬೇರೆ ತಿಂಡಿಯವರಿಗೆ ಬಾಡಿಗೆಗೆ ಕೊಟ್ಟಿರುತ್ತಾನೆ. ನೀವು ಕೂತ ಕೂಡಲೇ ಅವನ ಕಡೆಯವರು ಕುಡಿಯಲು ಏನೆಂದು ಕೇಳುತ್ತಾರೆ, ಏನೂ ಬೇಡ ಎನ್ನುವುದು ಸಭ್ಯತೆಯಲ್ಲ. ತಿಂಡಿಯವರು ತಟ್ಟೆ ತಂದಿಟ್ಟು ಅಲ್ಲೇ ಕಾಸು ಎಣಿಸಿಕೊಳ್ಳುತ್ತಾರೆ. ಒಂದು ಮೇಜಿಗೆ ಐದು ಜನರಿಂದ ತಿಂಡಿ, ಐದು ಬೇರೆ ಬೇರೆ ಖಾತೆ, ಬಿಲ್ಲೆಂಬುದೇ ಇಲ್ಲ. ಆಡಿಟ್ ಮಾಡಲು ಬಂದವನು ಅಳಬೇಕು.

ನೂರು ವರ್ಷ ದಾಟಿದ ರೈಲುದಾರಿಯಲ್ಲಿ ಪೆನಾಂಗ್ ಬೆಟ್ಟ ಹತ್ತಿದ್ದೂ ಉಂಟು, ಮೇಲೆ ಮಂಜಿತ್ತು, ಇಳಿದು ಬಂದೆವು. ಕೆಂಗ್ ಕ್ವೀ ಓಣಿಯ ಚೆಂಡೋಲ್ ಮಾತ್ರ ಬಿಡುವಂತಿಲ್ಲ: ಪುಡಿ ಮಾಡಿದ ಮಂಜುಗಡ್ಡೆ, ಕಾಯಿಹಾಲು, ತಾಳೆಬೆಲ್ಲದ ಪಾಕ, ಕೆಂಪು ಕಾಳು, ಪಂಡನ್ ಎಲೆಯ ರಸದಲ್ಲಿ ಅಕ್ಕಿಹಿಟ್ಟಿನಿಂದ ಮಾಡಿದ ಹಸಿರು ಎಳೆಗಳು. ನಿಂತೇ ತಿನ್ನಬೇಕು. ಚೌರಸ್ತಾ ಮಾರುಕಟ್ಟೆಯಲ್ಲಿ ಜಾಯಿಕಾಯಿಯ ಸಿಪ್ಪೆ ಉಪ್ಪು ಸಕ್ಕರೆಯಲ್ಲಿ ಹಾಕಿಟ್ಟದ್ದು ಸಿಗುತ್ತದೆ. ಹದಿನೆಂಟನೇ ಶತಮಾನದ ಕೊನೆಗೆ ಕಂಪನಿಯವರು ಇಲ್ಲಿ ಜಾಯಿಕಾಯಿ ನೆಡಿಸಿದ ಫಲ ಅದು. ಶಿರಸಿ ಕಡೆಯವರ ಸಿಪ್ಪೆಯ ಉಪ್ಪಿನಕಾಯಿ ಗೊತ್ತಿದ್ದವರಿಗೆ ಹೊಸದೇನಲ್ಲ. ಹೆಂಡತಿ ಅಲ್ಲೇ ಅಸಮ್ ಬಿಲ್ಲೆಗಳನ್ನೂ ತೂಗಿಸಿಕೊಂಡಳು. ಸೂಟ್‌ಕೇಸಿನಲ್ಲಿ ನನ್ನ ಅಂಗಿಗಳನ್ನು ತೆಗೆದು ಜಾಗ ಮಾಡಲಾಯಿತು.

ಹೊರಡುವ ಬೆಳಗ್ಗೆ ಎಲ್ಲಿ ತಿನ್ನುವುದೆಂದು ವಾದ ಶುರುವಾದರೆ ಗೆಲ್ಲುವವನು ಮೊಮ್ಮಗ. ಅವನಿಗೆ ರೊಟಿ ಚನಾಯ್ ಬೇಕು. 2024ರಲ್ಲಿ ಯುನೆಸ್ಕೋ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಕಾಯಿಹಾಲಿನ ಅನ್ನ ನಾಸಿ ಲೆಮಾಕ್, ಎಳೆದ ಚಹಾ ತೆಹ್ ತಾರಿಕ್ ಜೊತೆಗೆ ಇದೂ ಒಂದು. ಮೈದಾ ಉಂಡೆಯನ್ನು ಎಣ್ಣೆಗೈಯಲ್ಲಿ ಬೀಸಿ ಬೀಸಿ ಕರವಸ್ತ್ರದಷ್ಟು ತೆಳ್ಳಗೆ ಮಾಡಿ, ಮಡಚಿ, ಕಾವಲಿಗೆ ಹಾಕುತ್ತಾರೆ. ಈ ಸಲದ ಅಂಗಡಿಯಲ್ಲಿ ಹಿಟ್ಟು ಬೀಸುತ್ತಿದ್ದವನು ಇಪ್ಪತ್ತರ ಹುಡುಗ, ಕಿವಿಯಲ್ಲಿ ಇಯರ್‌ಫೋನು. ಪಕ್ಕದಲ್ಲಿ ಅವನ ಅಪ್ಪ ಒಂದು ಮಗ್ಗಿನಿಂದ ಇನ್ನೊಂದಕ್ಕೆ ಮಾರುದ್ದ ಚಹಾ ಎಳೆಯುತ್ತಿದ್ದ. ಕೆಲಸ ಬಿಟ್ಟು ಹೋಗದ ಮಗನೊಬ್ಬ ಕೊನೆಗೂ ಸಿಕ್ಕಿದನೆಂದು ನನಗೆ ಉತ್ಸಾಹ. ಹುಡುಗನಿಗೆ ಕೈ ಚೆನ್ನಾಗಿ ಪಳಗಿದೆ ಎಂದು ನನ್ನ ಹರಕು ತಮಿಳಿನಲ್ಲಿ ಹೇಳಿದೆ.

“ರೊಟ್ಟಿ ಹಾಕಲು ಬರುತ್ತೆ ಸಾರ್,” ಎಂದ ಅಪ್ಪ, ಚಹಾದಿಂದ ಕಣ್ಣು ತೆಗೆಯದೆ. “ಬೆಳಗ್ಗೆ ಏಳಲು ಬರಲ್ಲ. ಇವತ್ತು ಅವರಮ್ಮ ನೀರು ಸುರಿದಳು.”

ಹುಡುಗ ಇಯರ್‌ಫೋನಿನೊಳಗಿಂದಲೇ ನಕ್ಕ. ಮೊಮ್ಮಗ ಇನ್ನೊಂದು ಬೇಕೆಂದ. ರೈಲಿಗೆ ಕಟ್ಟಿಸಿಕೊಳ್ಳೋಣವೆಂದು ಹೆಂಡತಿ ನಾಲ್ಕು ಹೇಳಿದಳು, ಬೇಳೆಸಾರು ಬೇರೆ ಚೀಲದಲ್ಲಿ.