ಮಾತ್ರೆಗೆ ಇಳಿಯದ ಸೊಪ್ಪಿನ ಗುಣ

ಚಹಾ ಪೊಟ್ಟಣದಿಂದ ಮುಖಕ್ಕೆ ಹಚ್ಚುವ ಕ್ರೀಮಿನವರೆಗೆ ಎಲ್ಲದರ ಮೇಲೂ ‘ಆ್ಯಂಟಿಆಕ್ಸಿಡೆಂಟ್’ ಎಂದು ಅಚ್ಚಾಗುವ ಕಾಲವಿದು. ಆ ಗುಣ ಧಾರಾಳವಾಗಿರುವ ದಂಟಿನ ಸೊಪ್ಪು, ನುಗ್ಗೆಸೊಪ್ಪು, ಈರುಳ್ಳಿಗಳು ಮಾತ್ರ ಯಾವ ಚೀಟಿಯೂ ಇಲ್ಲದೆ ಸಂತೆಯಲ್ಲಿ ಬಿದ್ದಿರುತ್ತವೆ. ಹಾಗೆಂದು ಅವಕ್ಕೂ ಒಂದು ಅಂಕಿ ಅಂಟಿಸಿ ‘ಸೂಪರ್‌ಫುಡ್’ ಎಂದು ಕೂಗಬೇಕಿಲ್ಲ. ಪ್ರಯೋಗನಳಿಕೆಯಲ್ಲಿ ಅಳೆದ ಶಕ್ತಿ ಹೊಟ್ಟೆ ಸೇರಿದ ಮೇಲೂ ಹಾಗೇ ನಡೆಯುತ್ತದೆಂಬ ಖಾತರಿಯಿಲ್ಲ. ಅಮೆರಿಕದ ಕೃಷಿ ಇಲಾಖೆ ಇಂಥ ಅಂಕಿಗಳ ತನ್ನ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು. ಫಿನ್ಲೆಂಡಿನ ಅನುಭವ ಇನ್ನೂ ಕಟು. ಕ್ಯಾರೊಟಿನ್ ಇರುವ ತರಕಾರಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದನ್ನು ನಂಬಿ, ಅಲ್ಲಿ 29,133 ಧೂಮಪಾನಿ ಗಂಡಸರನ್ನು ಆರಿಸಿ ಒಂದು ಪಾಲಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ನುಂಗಿದವರಲ್ಲೇ ಆ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಸೊಪ್ಪಿನಿಂದ ಒಂದೇ ಅಂಶವನ್ನು ಹಿಂಡಿ ತೆಗೆದರೆ ಸೊಪ್ಪಿನ ಹಿತವೂ ಜೊತೆಗೆ ಬರುತ್ತದೆಂಬ ಲೆಕ್ಕ ಅಲ್ಲಿ ತಪ್ಪಿತು.

ಬೇಯಿಸಿದರೆ ಎಲ್ಲ ಹಾಳಾಗುತ್ತದೆ, ಹಸಿಯಾಗಿಯೇ ತಿನ್ನಬೇಕೆಂಬ ವಾದವೂ ಅರ್ಧ ಸತ್ಯ. ಸಿ ಜೀವಸತ್ವ ಬಿಸಿಗೆ ಕುಗ್ಗುತ್ತದೆ, ನೀರಿಗೂ ಇಳಿಯುತ್ತದೆ. ಆದರೆ ಟೊಮೆಟೊದ ಲೈಕೋಪೀನ್ ಎಣ್ಣೆಯಲ್ಲಿ ಬೆಂದರೇ ಮೈಗೆ ಚೆನ್ನಾಗಿ ಹತ್ತುವುದು. ಹಳೇ ಮೈಸೂರು ಸೀಮೆಯ ಬಸ್ಸಾರನ್ನೇ ನೋಡಿ. ಸೊಪ್ಪು, ಬೇಳೆ ಬೇಯಿಸಿ ಕಟ್ಟನ್ನು ಬಸಿಯುತ್ತಾರೆ, ಚೆಲ್ಲುವುದಿಲ್ಲ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಕಾಯಿ ಅರೆದು ಹಾಕಿ ಅದನ್ನೇ ಸಾರು ಮಾಡುತ್ತಾರೆ. ನೀರಿಗಿಳಿದ ಸಿ ಜೀವಸತ್ವದಲ್ಲಿ ಅಳಿದುಳಿದದ್ದು, ಫೀನಾಲಿಕ್ ಅಂಶಗಳು, ಫೋಲೇಟ್ ಎಲ್ಲ ಅದರಲ್ಲೇ ಇರುತ್ತವೆ. ಸೊಪ್ಪಿನಲ್ಲಿ ಉಳಿದ ಕ್ಯಾರೊಟಿನ್‌ಗೆ ಜಿಡ್ಡು ಬೇಕು. ಪಲ್ಯದ ಒಗ್ಗರಣೆ, ಕಾಯಿತುರಿ ಅದನ್ನು ಒದಗಿಸುತ್ತವೆ. (ಹಸಿರು ಉಳಿಯಲೆಂದು ಚಿಟಿಕೆ ಸೋಡಾ ಹಾಕುವ ಚಾಳಿ ಮಾತ್ರ ಬೇಡ, ಸಿ ಜೀವಸತ್ವಕ್ಕೆ ಅದು ಕುತ್ತು.) ಈರುಳ್ಳಿಯ ಕ್ವೆರ್ಸೆಟಿನ್ ಹೆಚ್ಚಾಗಿರುವುದು ಹೊರ ಪದರಗಳಲ್ಲಿ, ದಪ್ಪಗೆ ಸುಲಿದರೆ ಅದು ತಿಪ್ಪೆಗೆ ಹೋಗುತ್ತದೆ.

ತರಕಾರಿಯ ಹಿತ ನಾರಿನಿಂದಲೋ ಪೊಟ್ಯಾಸಿಯಂನಿಂದಲೋ ಬಂದಿರಬಹುದಲ್ಲ, ಆ್ಯಂಟಿಆಕ್ಸಿಡೆಂಟಿಗೆ ಏಕೆ ಕೀರ್ತಿ ಎಂದು ಕೇಳುವವರಿದ್ದಾರೆ. ಆ ಆಕ್ಷೇಪ ಸರಿಯೇ. ಆದರೆ ಕೀರ್ತಿ ಹಂಚುವ ತಕರಾರು ಬಗೆಹರಿಯಲಿ ಎಂದು ಊಟ ಕಾಯಬೇಕಿಲ್ಲ: ಎಲ್ಲವೂ ಒಂದೇ ಕಟ್ಟಿನ ಸೊಪ್ಪಿನಲ್ಲಿ ಬರುತ್ತವೆ. ನಿಜವಾದ ಕೊರತೆ ಇರುವುದು ಪ್ರಮಾಣದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ ತಿನ್ನಿ ಎನ್ನುತ್ತದೆ. ಮುದ್ದೆಯ ಪಕ್ಕದ ಎರಡು ಚಮಚ ಪಲ್ಯ ಅದರ ಹತ್ತಿರಕ್ಕೂ ಬಾರದು.