ಮನೆ ವೈರಿಂಗ್‌ಗೆ ಎಷ್ಟು ವೈರ್ ತರಬೇಕು?

ನೀವು ಹೊಸ ಮನೆ ಕಟ್ಟುತ್ತಿದ್ದೀರಾ? ಹಳೆ ಮನೆಗೆ ಹೊಸದಾಗಿ ವೈರಿಂಗ್ ಮಾಡಿಸುತ್ತಿದ್ದೀರಾ? ಹಾಗಾದರೆ ಅಂಗಡಿಗೆ ಹೋಗುವ ಮೊದಲು ಇದನ್ನು ಓದಿ.

ನಮ್ಮ ಜಿಲ್ಲೆಗೂ ಕರೆಂಟಿಗೂ ಹಳೆ ನಂಟು. ಮಸಿನಗುಡಿ ಹತ್ತಿರದ ಸಿಂಗಾರದಲ್ಲಿ ಪೈಕಾರ ಹೊಳೆಯ ನೀರಿನಿಂದ 1932ರಲ್ಲೇ ಕರೆಂಟು ತಯಾರಾಯಿತು. ಆದರೆ ಸುತ್ತಲಿನ ಎಷ್ಟೋ ಹಾಡಿಗಳಿಗೆ ಅದು ಬಂದದ್ದು ಬಹಳ ತಡವಾಗಿ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ಈಗಲೂ ವೈರ್ ವಿಷಯ ಬಂದರೆ, "ಎಲೆಕ್ಟ್ರಿಷಿಯನ್ ಚೀಟಿ ಬರೆದುಕೊಟ್ಟ, ನಾವು ತಂದೆವು" ಅನ್ನುವವರೇ ಹೆಚ್ಚು. ಆ ಚೀಟಿಯಲ್ಲಿ ಏನಿದೆ ಅಂತ ಈಗ ನೀವೇ ಓದಬಲ್ಲಿರಿ. ಲೆಕ್ಕವನ್ನೂ ನೀವೇ ಮಾಡಬಲ್ಲಿರಿ.

ಮನೆಯ ವೈರ್ ಸುರುಳಿಯಾಗಿ ಬರುತ್ತದೆ. ಅಂಗಡಿಯಲ್ಲಿ ಇದಕ್ಕೆ ಕಾಯಿಲ್ ಅಂತಾರೆ, ಬಂಡಲ್ ಅಂತಲೂ ಅಂತಾರೆ. ಸಾಮಾನ್ಯವಾಗಿ ಒಂದು ಕಾಯಿಲ್ 90 ಮೀಟರ್ ಇರುತ್ತದೆ. ಅಂದರೆ ಸುಮಾರು 295 ಅಡಿ. ಕೆಲವು ಕಂಪನಿಗಳು 45 ಮೀಟರ್‌ನ ಸಣ್ಣ ಕಾಯಿಲ್ ಕೂಡ ಮಾಡುತ್ತವೆ. ದೊಡ್ಡ ಕಟ್ಟಡಗಳಿಗೆ 180 ಮೀಟರ್‌ನ ಕಾಯಿಲ್ ಇದೆ. ಅದು ನಮಗೆ ಬೇಡ.

ವೈರ್ ಹೆಚ್ಚಾದರೆ ದುಡ್ಡು ದಂಡ. ತಾಮ್ರದ ಬೆಲೆ ಗೊತ್ತೇ ಇದೆಯಲ್ಲ. ಆದರೆ ಕಡಿಮೆಯಾದರೆ ಇನ್ನೂ ಕಷ್ಟ. ಮಸಿನಗುಡಿಯವರು ಹತ್ತು ಅಡಿ ವೈರ್‌ಗಾಗಿ ತೆಪ್ಪಕಾಡು ದಾಟಿ ಗೂಡಲೂರಿಗೆ ಬಸ್ಸು ಹತ್ತಬೇಕು. ಗುಂಡ್ಲುಪೇಟೆಯಲ್ಲಿ ತಂದವರಿಗೆ ಇನ್ನೂ ತೊಂದರೆ. ಬಂಡೀಪುರದ ಕಾಡಿನ ರಸ್ತೆಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಾಮಾನ್ಯ ವಾಹನಗಳಿಗೆ ಮುಚ್ಚುತ್ತಾರೆ. ಅಷ್ಟು ಹೊತ್ತು ಕೆಲಸದವರು ಸುಮ್ಮನೆ ಕೂರುತ್ತಾರಾ? ಇಲ್ಲ. ಬಿದ್ದಿರುವ ತುಂಡುಗಳನ್ನೇ ತಿರುಚಿ, ಟೇಪು ಸುತ್ತಿ, ಪೈಪಿನೊಳಗೆ ತಳ್ಳುತ್ತಾರೆ. ಅಪಾಯ ಇರುವುದು ಅಲ್ಲೇ. ಗೂಡಲೂರಿನ ಮಳೆಗಾಲದಲ್ಲಿ ಗೋಡೆ ತಿಂಗಳುಗಟ್ಟಲೆ ತೇವ ಇರುತ್ತದೆ. ಜಾಯಿಂಟಿನ ಟೇಪು ಸಡಿಲವಾಗುತ್ತದೆ. ನೀರಿನ ಪಸೆ ಒಳಗೆ ಹೋಗುತ್ತದೆ. ಸಡಿಲವಾದ ಜಾಗ ಬಿಸಿಯಾಗಿ ಸುಡುತ್ತದೆ. ಗೋಡೆ ಮುಟ್ಟಿದರೆ ಜುಂ ಅನ್ನುವ ಮನೆಗಳಲ್ಲಿ ಕಾರಣ ಎಷ್ಟೋ ಸಲ ಇಂಥ ಜಾಯಿಂಟೇ. ಪೈಪಿನೊಳಗೆ ಜಾಯಿಂಟು ಇರಲೇಬಾರದು. ಇದ್ದರೆ ಬೋರ್ಡಿನಲ್ಲಿ, ಇಲ್ಲವೇ ಜಂಕ್ಷನ್ ಬಾಕ್ಸಿನಲ್ಲಿ ಮಾತ್ರ ಇರಬೇಕು.

ಈಗ ಅಳತೆಗೆ ಬರೋಣ. ಒಂದು ಟೇಪು, ಒಂದು ಹಾಳೆ, ಒಂದು ಪೆನ್ಸಿಲ್ಲು ಸಾಕು.

ವೈರ್ ಕಾಗೆ ಹಾರಿದ ಹಾಗೆ ನೇರವಾಗಿ ಹೋಗುವುದಿಲ್ಲ. ಸ್ವಿಚ್ ಬೋರ್ಡಿನಿಂದ ಮೇಲಕ್ಕೆ ಹತ್ತಿ, ಸೂರಿನಲ್ಲಿ ಅಡ್ಡ ಹೋಗಿ, ಲೈಟಿಗೆ ಸೇರುತ್ತದೆ. ಅದು ಹೋಗುವ ದಾರಿಯನ್ನೇ ಅಳೆಯಬೇಕು. ಸೂರು 10 ಅಡಿ ಎತ್ತರ ಇದೆ, ಬೋರ್ಡು ನೆಲದಿಂದ ನಾಲ್ಕೂವರೆ ಅಡಿ ಮೇಲಿದೆ ಅನ್ನಿ. ಆಗ ಮೇಲಕ್ಕೆ ಐದೂವರೆ ಅಡಿ. ಅಡ್ಡಕ್ಕೆ ಎಂಟೂವರೆ ಅಡಿ. ಒಟ್ಟು 14 ಅಡಿ. ಹಾಗಂತ 14 ಅಡಿ ವೈರ್ ಸಾಕಾ? ಸಾಲದು. ಲೈಟು ಉರಿಯಲು ಎರಡು ವೈರ್ ಬೇಕು. ಕೆಂಪು ವೈರಿನಲ್ಲಿ ಕರೆಂಟು ಹೋಗುತ್ತದೆ, ಕಪ್ಪು ವೈರಿನಲ್ಲಿ ವಾಪಸು ಬರುತ್ತದೆ. ಫ್ಯಾನಿಗೆ ಹಸಿರು ಬಣ್ಣದ ಅರ್ತ್ ವೈರ್ ಕೂಡ ಬೇಕು. ಮೇನ್ ಬೋರ್ಡಿನಿಂದ ಸ್ವಿಚ್ ಬೋರ್ಡಿಗೆ ಹೋಗುವಾಗ ಈ ಮೂರೂ ಬೇಕು.

ಒಂದು ಮನೆಯ ಲೆಕ್ಕ ನೋಡೋಣ. ಎರಡು ಕೋಣೆ, ಅಡುಗೆಮನೆ, ಬಚ್ಚಲು. ಒಟ್ಟು ನಾಲ್ಕು ಸ್ವಿಚ್ ಬೋರ್ಡು. ಮೇನ್ ಬೋರ್ಡಿನಿಂದ ಇವಕ್ಕೆ ಇರುವ ದಾರಿ 15, 25, 30, 35 ಅಡಿ. ಕೂಡಿದರೆ 105 ಅಡಿ. ಮನೆಯಲ್ಲಿ 7 ಲೈಟು, 2 ಫ್ಯಾನು. ಒಂದೊಂದಕ್ಕೆ 14 ಅಡಿಯಂತೆ 126 ಅಡಿ. ಎರಡೂ ಸೇರಿ 231 ಅಡಿ.

ಇದಿಷ್ಟೇ ಅಲ್ಲ. ಪ್ರತಿ ತುಂಡಿನ ಎರಡು ತುದಿಗೂ ಒಂದೊಂದು ಅಡಿ ಬಿಡಬೇಕು. ಇಲ್ಲದಿದ್ದರೆ ಸ್ವಿಚ್ಚಿಗೆ ಸಿಗಿಸಲು ಆಗದು. ನಾಳೆ ಸ್ವಿಚ್ಚು ಬದಲಿಸುವಾಗಲೂ ಪರದಾಟ. ನಮ್ಮ ಲೆಕ್ಕದಲ್ಲಿ 13 ತುಂಡು. ಅದಕ್ಕೆ 26 ಅಡಿ ಸೇರಿಸಿದರೆ 257. ಕೊನೆಗೆ, ತಿರುವು ಮುರುವಿಗೆ ಅಂತ ನೂರಕ್ಕೆ ಹತ್ತರಂತೆ ಇನ್ನೂ 26 ಅಡಿ. ಒಟ್ಟು 283 ಅಡಿ ಕೆಂಪು ವೈರ್. ಕಪ್ಪು ವೈರ್ ಕೂಡ ಅಷ್ಟೇ. ಒಂದು ಕಾಯಿಲ್ 295 ಅಡಿ ತಾನೆ? ಆದ್ದರಿಂದ ಕೆಂಪು ಒಂದು ಕಾಯಿಲ್, ಕಪ್ಪು ಒಂದು ಕಾಯಿಲ್ ಸಾಕು.

ಹಸಿರು ವೈರಿನ ಲೆಕ್ಕ ಬೇರೆ. ಬೋರ್ಡುಗಳಿಗೆ 105 ಅಡಿ, ಎರಡು ಫ್ಯಾನಿಗೆ 28 ಅಡಿ. ಆರು ತುಂಡಿನ ತುದಿಗಳಿಗೆ 12 ಅಡಿ. ಹೆಚ್ಚುವರಿ 15 ಅಡಿ. ಒಟ್ಟು 160 ಅಡಿ. 45 ಮೀಟರ್‌ನ ಸಣ್ಣ ಕಾಯಿಲ್‌ನಲ್ಲಿ 148 ಅಡಿ ಇರುತ್ತದೆ. 12 ಅಡಿ ಕಡಿಮೆ ಬಿತ್ತು! ಇದಕ್ಕಾಗಿ ದೊಡ್ಡ ಕಾಯಿಲ್ ಬೇಡ. ಸಣ್ಣದೊಂದು ಕಾಯಿಲ್ ತನ್ನಿ. ಉಳಿದ 12 ಅಡಿಯನ್ನು, ಅಂದರೆ ಸುಮಾರು 4 ಮೀಟರ್, ಬಿಡಿಯಾಗಿ ತನ್ನಿ. ಅರ್ತ್ ವೈರ್ ಉಳಿಸೋಣ ಅನ್ನುವ ಮಾತು ಮಾತ್ರ ಯಾರು ಹೇಳಿದರೂ ಕೇಳಬೇಡಿ. ಜೀವ ಕಾಯುವ ವೈರ್ ಅದೇ.

ಕೆಂಪು ವೈರ್ ಉಳಿದಿದೆ ಅಂತ ಅದನ್ನೇ ಕಪ್ಪಿನ ಬದಲು ಹಾಕುವವರೂ ಇದ್ದಾರೆ. ಒಪ್ಪಬೇಡಿ. ಮುಂದೆ ರಿಪೇರಿಗೆ ಬಂದವರಿಗೆ ಯಾವುದರಲ್ಲಿ ಕರೆಂಟು ಇದೆ ಅಂತ ಹೇಗೆ ಗೊತ್ತಾಗಬೇಕು?

ಇನ್ನು ವೈರಿನ ದಪ್ಪ. ಇದನ್ನು ಸ್ಕ್ವೇರ್ ಎಂಎಂ ಅಂತ ಬರೆದಿರುತ್ತಾರೆ. ಮಾತಿನಲ್ಲಿ ಬರೀ "ಒಂದೂವರೆ ಎಂಎಂ" ಅಂತಾರೆ. ಲೈಟು, ಫ್ಯಾನಿಗೆ 1.5. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಹಾಕುವ ದೊಡ್ಡ ಪ್ಲಗ್ಗಿಗೆ 2.5. ಗೀಸರಿಗೆ 4. ಊಟಿ ಚಳಿಗೆ ರೂಮ್ ಹೀಟರ್ ಇಡುವವರು ಒಂದು ವಿಷಯ ತಿಳಿದಿರಬೇಕು. 2000 ವ್ಯಾಟಿನ ಒಂದು ಹೀಟರ್ ಅಂದರೆ, 9 ವ್ಯಾಟಿನ ಎಲ್‌ಇಡಿ ಬಲ್ಬು 220 ಒಟ್ಟಿಗೆ ಉರಿದ ಹಾಗೆ. ಅದನ್ನು ಲೈಟಿನ ವೈರಿಗೆ ಸಿಗಿಸಿದರೆ ವೈರ್ ಕಾಯುತ್ತದೆ. ಮರದ ಸೂರಿನ ಹಳೆ ಮನೆಗಳಲ್ಲಿ ಬೆಂಕಿಯ ಭಯ ಇನ್ನೂ ಜಾಸ್ತಿ.

ಗೀಸರಿಗೆ 40 ಅಡಿ ದಾರಿ ಇದ್ದರೆ ತುದಿ, ಹೆಚ್ಚುವರಿ ಎಲ್ಲ ಸೇರಿ 46 ಅಡಿ. ಅಂದರೆ ಒಂದೊಂದು ಬಣ್ಣದಲ್ಲಿ 14 ಮೀಟರ್. ಇದಕ್ಕೆ ಮೂರು ಕಾಯಿಲ್ ಕೊಳ್ಳುವುದು ಹುಚ್ಚುತನ. ಬಿಡಿಯಾಗಿ ಮೀಟರ್ ಲೆಕ್ಕದಲ್ಲಿ ಕೊಡುವ ಅಂಗಡಿಗೆ ಹೋಗಿ. ನಿಮ್ಮ ಕಣ್ಣೆದುರೇ ಅಳೆಸಿ. ಕೆಲವು ಕಂಪನಿಯ ವೈರಿನ ಮೈಮೇಲೆ ಮೀಟರ್ ಅಂಕಿ ಅಚ್ಚಾಗಿರುತ್ತದೆ. ಒಂದು ತುದಿಯಲ್ಲಿ 31, ಇನ್ನೊಂದು ತುದಿಯಲ್ಲಿ 45 ಇದ್ದರೆ ನಿಮ್ಮ ಕೈಯಲ್ಲಿರುವುದು 14 ಮೀಟರ್.

ಕಾಯಿಲ್ ಡಬ್ಬದ ಮೇಲಿನ ಅಕ್ಷರ ಇಂಗ್ಲಿಷ್ ಆಗಿರಬಹುದು. ಅಂಗಡಿಯವರ ಮಾತು ತಮಿಳು ಆಗಿರಬಹುದು. ಆದರೆ ಅಂಕಿ ಎಲ್ಲರಿಗೂ ಒಂದೇ. ಐಎಸ್‌ಐ ಗುರುತು ಹುಡುಕಿ. ಅದರ ಮೇಲೆ ಐಎಸ್ 694 ಅಂತ ಇರಬೇಕು. ಕೆಳಗೆ ಲೈಸೆನ್ಸ್ ನಂಬರ್ ಇರಬೇಕು. ಮನೆಯಲ್ಲಿ ಮಕ್ಕಳ ಹತ್ತಿರ ಸ್ಮಾರ್ಟ್ ಫೋನ್ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿಸಿ ನೋಡಿ. ಅಸಲಿಯೋ ನಕಲಿಯೋ ತಿಳಿಯುತ್ತದೆ. ದಪ್ಪ, ಉದ್ದ, ಎಂಆರ್‌ಪಿ ಕೂಡ ಡಬ್ಬದ ಮೇಲೆಯೇ ಇರುತ್ತದೆ. ಸೀಲ್ ಒಡೆದ ಡಬ್ಬವನ್ನು ಇಡೀ ಕಾಯಿಲ್ ಅಂತ ತೆಗೆದುಕೊಳ್ಳಬೇಡಿ. ಅದರಲ್ಲಿ ಎಷ್ಟು ಮೀಟರ್ ಉಳಿದಿದೆಯೋ ಯಾರಿಗೆ ಗೊತ್ತು?

ಕೈಯಲ್ಲಿ ಹಿಡಿದು ತೂಕವನ್ನೂ ನೋಡಿ. 1.5ರ 90 ಮೀಟರ್ ಕಾಯಿಲ್‌ನಲ್ಲಿ ತಾಮ್ರವೇ ಸುಮಾರು 1 ಕಿಲೋ 200 ಗ್ರಾಂ ಇರುತ್ತದೆ. ಮೇಲಿನ ಪ್ಲಾಸ್ಟಿಕ್ ತೂಕ ಬೇರೆ. ಇಡೀ ಕಾಯಿಲ್ ಒಂದು ಕಿಲೋ ಕೂಡ ತೂಗದಿದ್ದರೆ ಅನುಮಾನ ಪಡಿ. ಅಲ್ಯೂಮಿನಿಯಂಗೆ ತಾಮ್ರದ ಬಣ್ಣ ಬಳಿದ ವೈರ್ ಕೂಡ ಮಾರುತ್ತಾರೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ಬಿಲ್ಲು ಕೇಳಿ ಪಡೆಯಿರಿ. ಸೀಲ್ ಒಡೆಯದ ಕಾಯಿಲ್ ಉಳಿದರೆ ವಾಪಸು ತೆಗೆದುಕೊಳ್ಳುತ್ತೀರಾ ಅಂತ ಕೊಳ್ಳುವಾಗಲೇ ಕೇಳಿ. ಹೌದು ಅಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಉಳಿದ ತುಂಡು ವೈರಿನ ತುದಿಗೆ ಟೇಪು ಸುತ್ತಿ, ಒಣ ಜಾಗದಲ್ಲಿ, ಇಲಿ ಮುಟ್ಟದ ಹಾಗೆ ತೂಗುಹಾಕಿ. ಅದರ ದಪ್ಪ ಎಷ್ಟು, ಉದ್ದ ಎಷ್ಟು ಅಂತ ಒಂದು ಚೀಟಿ ಬರೆದು ಕಟ್ಟಿಡಿ.