ಮೆಣಸಿನ ಕಳ್ಳನಿಗೂ ಇದೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕ

ಕಾಫಿ ಕೊಯ್ಲು ಮುಗಿದು ಮೆಣಸು ಕಣಕ್ಕೆ ಬರುವ ಹೊತ್ತಿಗೆ ಮೂಡಿಗೆರೆ, ಕಳಸದ ತೋಟಗಳಲ್ಲಿ ರಾತ್ರಿ ಕಾವಲು ಬಿಗಿಯಾಗುತ್ತದೆ. ಕಳ್ಳ ಸಿಕ್ಕಿಬಿದ್ದರೆ ಬರುವ ಮೊದಲ ಮಾತು, "ಕೂಲಿ ಲೈನಿನ ಖಾಲಿ ಮನೇಲಿ ಕೂಡಿಹಾಕಿ, ಸಾಹುಕಾರ್ರು ಬರ್ಲಿ." ಹಿಡಿದವನಿಗೆ ಸಿಕ್ಕವನ ಮೇಲೆ ಅಧಿಕಾರ ಬಂತೆಂಬ ಈ ನಂಬಿಕೆ ಇಲ್ಲಿ ಚೆನ್ನಾಗಿ ಬೇರೂರಿದೆ.

ಹಿಡಿಯುವ ಹಕ್ಕೇನೋ ಉಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಜಾಮೀನುರಹಿತ ಅಪರಾಧ ಕಣ್ಣೆದುರೇ ನಡೆದರೆ ಯಾರು ಬೇಕಾದರೂ ಹಿಡಿಯಬಹುದು. ಆದರೆ ಅನಗತ್ಯವಾಗಿ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಇನ್ನೊಂದು ತೊಡಕಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವು ಹೊಸ ಕಾನೂನಿನಲ್ಲಿ ಜಾಮೀನು ಸಿಗುವ ಅಪರಾಧ. ಪೊಲೀಸರೇ ವಾರಂಟಿಲ್ಲದೆ ಬಂಧಿಸುವಂತಿಲ್ಲ. ಕಿಲೋಗೆ 700 ರೂಪಾಯಿ ಹಿಡಿದರೂ ಏಳು ಕಿಲೋ ಮೆಣಸು ಆ ಗೆರೆ ದಾಟುವುದಿಲ್ಲ. (ಗೋದಾಮಿನೊಳಗಿನ ಮಾಲಾದರೆ ಲೆಕ್ಕ ಬೇರೆ.)

ಕೂಡಿಹಾಕಿದವರೇ ಕಟಕಟೆಗೆ ಬರುವುದೂ ಉಂಟು. 2022ರ ಅಕ್ಟೋಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜೇನುಗದ್ದೆಯಲ್ಲಿ ದಲಿತ ಕಾರ್ಮಿಕ ಕುಟುಂಬಗಳನ್ನು ಕೂಡಿಹಾಕಿದ ಆರೋಪದ ಮೇಲೆ ತೋಟದ ಮಾಲೀಕರ ವಿರುದ್ಧವೇ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸು ದಾಖಲಾಯಿತು. ಅಲ್ಲಿ ಕಳವಿನ ಮಾತೂ ಇರಲಿಲ್ಲ. ಇದ್ದದ್ದು ಸಾಲದ ಬಾಕಿ.

ಠಾಣೆಗೆ ಹೋದ ಮೇಲಿನ ನಂಬಿಕೆ ಇನ್ನೊಂದು: "ಈ ಮಳೇಲಿ, ಈ ರಸ್ತೇಲಿ ಇಪ್ಪತ್ನಾಲ್ಕು ಗಂಟೆ ಲೆಕ್ಕ ಎಲ್ಲಿ ನಡೆಯುತ್ತೆ?" ಬಂಧಿತನನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆನ್ನುವುದು ಸಂವಿಧಾನದ 22ನೇ ವಿಧಿ. ಪ್ರಯಾಣಕ್ಕೆ ಬೇಕಾಗುವ ಸಮಯವನ್ನು ಅದರಲ್ಲಿ ಎಣಿಸುವುದಿಲ್ಲ, ನಿಜ. ಭದ್ರಾ ನದಿ ಉಕ್ಕಿ ಕಳಸದ ಬಳಿಯ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ಕಡೆಯ ಜೀಪು ಸುತ್ತಿ ಬರಬೇಕಾದೀತು. ಆ ಸುತ್ತಿಗೆ ವಿನಾಯಿತಿ ಉಂಟು. ಠಾಣೆಯ ಬೆಂಚಿನ ಮೇಲೆ ಕಳೆದ ರಾತ್ರಿಗೆ ಇಲ್ಲ. ಭಾನುವಾರವೂ ನೆಪವಾಗದು, ರಜಾದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುವ ಪದ್ಧತಿಯಿದೆ. ಕೇಸಿನ ವ್ಯಾಪ್ತಿಯ ಮ್ಯಾಜಿಸ್ಟ್ರೇಟರೇ ಆಗಬೇಕೆಂದೂ ಇಲ್ಲ.

ನನ್ನ ಪ್ರಕಾರ ನಿಜವಾದ ಮೋಸ ನಡೆಯುವುದು ಗಡಿಯಾರ ಶುರುವಾಗುವ ಜಾಗದಲ್ಲಿ. "ಸುಮ್ನೆ ವಿಚಾರಣೆಗೆ" ಎಂದು ಇಂದು ಮಧ್ಯಾಹ್ನ ಕೂರಿಸಿಕೊಂಡು, ನಾಳೆ ಸಂಜೆ ಬಂಧನ ಬರೆದರೆ ಕಾಗದದ ಮೇಲೆ ಎಲ್ಲವೂ ಸರಿ. ಕರೆದೊಯ್ದ ಹೊತ್ತು, ಜೀಪಿನ ನಂಬರು, ನೋಡಿದವರ ಹೆಸರು ಇಷ್ಟನ್ನು ಮನೆಯವರು ಅಂದೇ ಬರೆದಿಟ್ಟುಕೊಂಡರೆ ಆಮೇಲೆ ವಕೀಲರಿಗೆ ಹಿಡಿಯಲೊಂದು ಎಳೆ ಸಿಗುತ್ತದೆ.

"ಯಾಕೆ ಹಿಡಿದರು ಅಂತ ಕೋರ್ಟಲ್ಲಿ ಹೇಳ್ತಾರೆ" ಎನ್ನುವವರಿದ್ದಾರೆ. ಹಾಗಲ್ಲ. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರವಣಿಗೆಯಲ್ಲೇ ಕೊಡಬೇಕೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕ್ಷಣ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು. ಕೊಯ್ಲಿಗೆ ಅಸ್ಸಾಮಿನಿಂದ ಬಂದವನಿಂದ ಕನ್ನಡದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಈ ಮಾತು ಪಾಲಿಸಿದಂತಾಗುವುದಿಲ್ಲ.

ಇನ್ನು "ಠಾಣೇಲಿ ಒಪ್ಕೊಂಡ, ಕೇಸು ಮುಗೀತು" ಎಂಬುದು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು. ಅವನು ತೋರಿಸಿಕೊಟ್ಟ ಜಾಗದಲ್ಲಿ ಮೂಟೆ ಸಿಕ್ಕರೆ ಅದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾವ ಆರೋಪಿಯನ್ನೂ ಬಲವಂತಪಡಿಸಬಾರದೆಂದು 20(3)ನೇ ವಿಧಿ ಹೇಳುತ್ತದೆ. ಆದರೂ 2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ ತನ್ನನ್ನು ಹೊಡೆದು ಮೂತ್ರ ಕುಡಿಸಿದರೆಂದು ದಲಿತ ಯುವಕನೊಬ್ಬ ದೂರಿದ. ಪಿಎಸ್‌ಐ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು, ಸೆಪ್ಟೆಂಬರಿನಲ್ಲಿ ಅವರ ಬಂಧನವಾಯಿತು. "ಇದೆಲ್ಲ ಕಳ್ಳಕಾಕರಿಗೆ ಮಾಡಿದ ಕಾನೂನು" ಎನ್ನುವವರು ಇದನ್ನೂ ಗಮನಿಸಬೇಕು: ಬಂಧನದ ಭಯ ತನಗೇ ಬಂದಾಗ ಆ ಅಧಿಕಾರಿಯೂ ನ್ಯಾಯಾಲಯದ ಮೊರೆಹೋದರು. ಹೋಗುವ ಹಕ್ಕು ಅವರಿಗೂ ಇತ್ತು.

ದುಡ್ಡಿಲ್ಲದವನಿಗೆ ವಕೀಲರಿಲ್ಲ ಎಂಬುದೂ ಸುಳ್ಳು. ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100, ಮನೆಯವರೂ ಕರೆ ಮಾಡಬಹುದು.